ಮೂರಕ್ಕೆ ತಿರುಗಿಸಿ, ಮರೆತುಬಿಡಿ

ಅಕ್ಟೋಬರ್ ಬಂತೆಂದರೆ ಬ್ರಿಟನ್ನಿನ ಮನೆಮನೆಯಲ್ಲೂ ಬಾಯ್ಲರ್ ಗುರ್ ಅನ್ನಲು ಶುರು. ಅಲ್ಲಿ ಹಳೇ ಮನೆ ಕೊಂಡ ನಮ್ಮ ಕನ್ನಡದವರು ಆಗ ಕೇಳುವುದು ಒಂದೇ ಪ್ರಶ್ನೆ: ರೇಡಿಯೇಟರಿಗೆ ಯಾವ ಕಂಪನಿಯ ವಾಲ್ವ್ ಹಾಕಿಸೋಣ? ಕಂಪನಿ ಆಮೇಲೆ. ಮೊದಲು ಮೊಣಕಾಲೂರಿ ಕುಳಿತು ಪೈಪು ನೋಡಿ.

ಪೈಪು ನೆಲದಿಂದ ಎದ್ದಿದ್ದರೆ ಆಂಗಲ್ ವಾಲ್ವ್, ಗೋಡೆಯಿಂದ ಹೊರಬಂದಿದ್ದರೆ ಕಾರ್ನರ್, ರೇಡಿಯೇಟರಿನ ನೇರಕ್ಕೇ ಬಂದಿದ್ದರೆ ಸ್ಟ್ರೈಟ್. ದಪ್ಪ ಸಾಮಾನ್ಯವಾಗಿ 15 ಮಿ.ಮೀ.; ಕೆಲವು ಮನೆಗಳಲ್ಲಿ 8 ಅಥವಾ 10 ಮಿ.ಮೀ.ನ ಸಣ್ಣ ಪೈಪು ಸಿಗುತ್ತದೆ. ಅಳತೆ ತಪ್ಪಿದರೆ ಎಷ್ಟು ದುಬಾರಿ ವಾಲ್ವ್ ತಂದರೂ ವಾಪಸು ಅಂಗಡಿಗೇ.

ಇನ್ನು ಒಳಗಿನ ವಿಷಯ. ತಾಪ ನೋಡಿಕೊಂಡು ತಾನೇ ಮುಚ್ಚಿ ತೆರೆಯುವ ವಾಲ್ವಿಗೆ ಪ್ಲಂಬರುಗಳು ಟಿಆರ್‌ವಿ ಅನ್ನುತ್ತಾರೆ. ಡೆನ್ಮಾರ್ಕಿನ ಡ್ಯಾನ್‌ಫಾಸ್ ಸಂಸ್ಥೆಯ ಮ್ಯಾಡ್ಸ್ ಕ್ಲಾಸನ್ 1943ರಲ್ಲಿ ರೂಪಿಸಿದ್ದು. ಇದಕ್ಕೆ ಕರೆಂಟು ಬೇಡ. ತಿರುಗಿಸುವ ತಲೆಯೊಳಗೆ ಮೇಣವೋ ದ್ರವವೋ ಅನಿಲವೋ ತುಂಬಿರುತ್ತದೆ. ಕೋಣೆ ಬೆಚ್ಚಗಾದಂತೆ ಅದು ಹಿಗ್ಗಿ, ಕೆಳಗಿನ ಪಿನ್ನನ್ನು ಒತ್ತಿ, ಬಿಸಿನೀರಿನ ದಾರಿ ಕಿರಿದು ಮಾಡುತ್ತದೆ. ತಣ್ಣಗಾದರೆ ಸ್ಪ್ರಿಂಗು ಪಿನ್ನನ್ನು ಮೇಲೆತ್ತುತ್ತದೆ. ಮೇಣ ನಿಧಾನ, ದ್ರವ ಚುರುಕು, ಅನಿಲ ಇನ್ನೂ ಚುರುಕು. ಅಡುಗೆಮನೆಗೆ ಚುರುಕಾದದ್ದೇ ಇರಲಿ: ಒಲೆ ಹೊತ್ತಿಸಿ ಸಾರಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಕೋಣೆ ಬೆಚ್ಚಗಾಗಿರುತ್ತದೆ, ಆಗಲೂ ರೇಡಿಯೇಟರ್ ಕಾಯುತ್ತಿದ್ದರೆ ಗ್ಯಾಸು ದಂಡ. ಪೊಟ್ಟಣದ ಮೇಲೆ ಇಎನ್ 215 ಎಂಬ ಯುರೋಪಿಯನ್ ಮಾನದಂಡದ ಗುರುತಿದೆಯೇ ನೋಡಿಕೊಳ್ಳಿ.

ತಲೆಯ ಮೇಲಿನ 1ರಿಂದ 5ರವರೆಗಿನ ಅಂಕಿ ಕಾರಿನ ಆಕ್ಸಿಲರೇಟರ್ ಅಲ್ಲ. ಐದಕ್ಕೆ ತಿರುಗಿಸಿದರೆ ಕೋಣೆ ಬೇಗ ಕಾಯುವುದಿಲ್ಲ, ಅತಿಯಾಗಿ ಕಾಯುತ್ತದೆ ಅಷ್ಟೆ. ಮೂರು ಅಂದರೆ ಸುಮಾರು 20 ಡಿಗ್ರಿ ಸೆಲ್ಸಿಯಸ್. ಅಲ್ಲಿ ಬಿಟ್ಟು ಕೈ ತೊಳೆದುಕೊಳ್ಳಿ. ದಿನಕ್ಕೆ ನಾಲ್ಕು ಸಲ ತಿರುಗಿಸಬೇಕಾಗಿ ಬಂದರೆ ಒಂದೋ ವಾಲ್ವ್ ಸರಿಯಿಲ್ಲ, ಇಲ್ಲವೇ ಅದನ್ನು ಕೂರಿಸಿದ ಜಾಗ ಸರಿಯಿಲ್ಲ. ದಪ್ಪ ಪರದೆಯ ಹಿಂದೆ ಸಿಕ್ಕ ಟಿಆರ್‌ವಿಗೆ ಗೊತ್ತಾಗುವುದು ಪರದೆಯ ಹಿಂದಿನ ಸೆಕೆ ಮಾತ್ರ. ಕೋಣೆ ನಡುಗುತ್ತಿದ್ದರೂ ಅದು ಮುಚ್ಚಿಕೊಳ್ಳುತ್ತದೆ. ಗೋಡೆಯ ಥರ್ಮೊಸ್ಟಾಟ್ ಇರುವ ಕೋಣೆಗೆ ಟಿಆರ್‌ವಿ ಬೇಡವೇ ಬೇಡ. ಟಿಆರ್‌ವಿ ನೀರು ತಡೆದು ಅಲ್ಲಿ ತಾಪ ಏರಗೊಡುವುದಿಲ್ಲ, ಥರ್ಮೊಸ್ಟಾಟ್ ತಾಪ ಸಾಲದೆಂದು ಬಾಯ್ಲರನ್ನು ಉರಿಸುತ್ತಲೇ ಇರುತ್ತದೆ.

ಎಲ್ಲರೂ ಕಡೆಗಣಿಸುವುದು ರೇಡಿಯೇಟರಿನ ಇನ್ನೊಂದು ತುದಿಯ ಲಾಕ್‌ಶೀಲ್ಡ್ ವಾಲ್ವನ್ನು. ಮುಚ್ಚಳ ಕಿತ್ತರೆ ಒಳಗೊಂದು ಹಿತ್ತಾಳೆಯ ಮೊಳೆಯಂಥ ಕಡ್ಡಿ. ಸ್ಪ್ಯಾನರಿಗೆ ಮಾತ್ರ ಬಗ್ಗುತ್ತದೆ. ಕೆಳಗೆ ಹಾಲಿನಲ್ಲಿ ಸೆಕೆ, ಮಹಡಿಯ ಕೋಣೆಯಲ್ಲಿ ನಡುಕ ಎಂಬ ದೂರಿಗೆ ಮದ್ದು ಬಹಳ ಸಲ ಇಲ್ಲೇ ಇರುತ್ತದೆ. ಬಾಯ್ಲರಿಗೆ ಹತ್ತಿರದ ರೇಡಿಯೇಟರುಗಳು ನೀರನ್ನೆಲ್ಲ ಎಳೆದುಕೊಳ್ಳುತ್ತವೆ. ಅವುಗಳ ಲಾಕ್‌ಶೀಲ್ಡನ್ನು ಕಾಲು ಸುತ್ತು, ಕಾಲು ಸುತ್ತು ಬಿಗಿ ಮಾಡುತ್ತಾ ಬನ್ನಿ, ದೂರದವನ್ನು ಪೂರ್ತಿ ತೆರೆದು ಬಿಡಿ. ಈ ಕೆಲಸ ಮಾಡದೆ ಹೊಸ ಟಿಆರ್‌ವಿ ಹಾಕಿಸಿದರೆ ದುಡ್ಡು ಖರ್ಚಾಯಿತು, ಚಳಿ ಹೋಗಲಿಲ್ಲ.

ಮೊಬೈಲಿನಿಂದ ಆಡಿಸುವ ಸ್ಮಾರ್ಟ್ ವಾಲ್ವ್ ಎಲ್ಲ ಕೋಣೆಗೂ ಬೇಕಿಲ್ಲ. ಹಗಲು ಮಾತ್ರ ಬಳಸುವ ಆಫೀಸ್ ಕೋಣೆಗೋ ಅತಿಥಿ ಕೋಣೆಗೋ ಹಾಕಿಸಿದರೆ ಸಾರ್ಥಕ. ಅದರ ಮೋಟಾರು ನಡೆಯುವುದು ಬ್ಯಾಟರಿಯಲ್ಲಿ ಎಂಬುದು ನೆನಪಿರಲಿ. ಕ್ರೋಮ್ ಹೊಳಪಿಗೆ, ಪುರಾತನ ಕಾಲದ ಹಿತ್ತಾಳೆ ಚಕ್ರದ ಚೆಲುವಿಗೆ ಕೊಡುವ ದುಡ್ಡು ಕಣ್ಣಿಗಾಗಿ. ಮೈ ಬೆಚ್ಚಗಾಗಲು ಒಳ್ಳೆಯ ತಲೆ, ಗಟ್ಟಿ ಲಾಕ್‌ಶೀಲ್ಡ್ ಸಾಕು.

ಬೇಸಿಗೆ ಬಂದು ಬಾಯ್ಲರ್ ನಿಂತಾಗ ಮಾತ್ರ ಮೂರರ ನಿಯಮ ಮುರಿಯಿರಿ. ಆಗ ಐದಕ್ಕೆ ತಿರುಗಿಸಿಟ್ಟರೆ ಪಿನ್ನು ಒಳಗೇ ಕಚ್ಚಿಕೊಳ್ಳುವುದಿಲ್ಲ, ಮುಂದಿನ ಅಕ್ಟೋಬರಿಗೆ ಪ್ಲಂಬರನ ಬಿಲ್ಲೂ ಬರುವುದಿಲ್ಲ.