ಜೋಡಿ ಹಚ್ಚುವ ಕಣ್ಣು

ಜಾತ್ರೆಯ ಕುಸ್ತಿ ನೋಡಲು ಹೋದವರಲ್ಲಿ ಬಹುಮಂದಿ ಪಟ್ಟಿಗೆ, ಮರುಪಟ್ಟಿಗೆ, ಕೊನೆಗೆ ಯಾರು ಚಿತ್ತಾದರು ಎಂಬುದಕ್ಕೆ ಮನಸೋಲುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಸವಿ ಎನಿಸುವುದು ಜೋಡಿ ಹಚ್ಚುವ ಹೊತ್ತು. ಯಾರ ಎದುರಿಗೆ ಯಾರು ಎಂದು ಪಂಚರು ಗೊತ್ತುಮಾಡುವಾಗಲೇ ಅಂದಿನ ಕುಸ್ತಿ ಕಳೆಗಟ್ಟುವುದೋ ಸಪ್ಪೆಯಾಗುವುದೋ ಎಂಬುದು ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆ ಜಾತ್ರೆ ಎಂದರೆ ತೇರು, ಪಲ್ಲಕ್ಕಿ, ದನದ ಸಂತೆಯ ಜೊತೆಗೆ ಜಂಗಿ ನಿಕಾಲಿ ಕುಸ್ತಿಯೂ ಬೇಕು. ಶ್ರಾವಣದಲ್ಲಿ ಬಾಗೇವಾಡಿಯ ಬಸವೇಶ್ವರ ಜಾತ್ರೆ, ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ನಡುವೆ ಊರೂರಿನ ದೇವರ ಹೆಸರಿನವು. ಇದು ಎರೆಮಣ್ಣಿನ ಸೀಮೆ. ಬಿಳಿಜೋಳಕ್ಕೆ ಒಗ್ಗಿದ ಈ ಮಣ್ಣು ಕುಸ್ತಿಗೆ ಒಗ್ಗುವುದಿಲ್ಲ. ಹಸಿಯಿದ್ದರೆ ಅಂಟುತ್ತದೆ, ಒಣಗಿದರೆ ಬಿರಿಯುತ್ತದೆ. ಹೀಗಾಗಿ ಕಣಕ್ಕೆ ಬೇರೆ ಕಡೆಯಿಂದ ಕೆಮ್ಮಣ್ಣು ತರಬೇಕು. ಹೆಂಟೆ ಒಡೆದು, ಜರಡಿ ಹಿಡಿದು, ಅರಿಸಿನ, ಎಣ್ಣೆ, ಮಜ್ಜಿಗೆ ಕೂಡಿಸಿ ಹದ ಮಾಡಬೇಕು. ಎದುರಾಳಿಯೂ ಹಾಗೆಯೇ, ಹೊರಗಿನಿಂದ ಬಂದರೇ ಚಂದ.

ಅದಕ್ಕೆ ಕಾರಣವಿದೆ. ಒಂದೇ ತಾಲೀಮಿನಲ್ಲಿ ದಿನವೂ ಜೋರು ಮಾಡುವ ಹುಡುಗರಿಗೆ ಒಬ್ಬರ ಪಟ್ಟು ಇನ್ನೊಬ್ಬರಿಗೆ ಬಾಯಿಪಾಠ. ಅವರನ್ನು ಕಣಕ್ಕೆ ಬಿಟ್ಟರೆ ಅದು ತಾಲೀಮೇ ಆಯಿತು, ಕುಸ್ತಿಯಾಗಲಿಲ್ಲ. ಮೇಲಾಗಿ ಒಬ್ಬನೇ ವಸ್ತಾದನ ಇಬ್ಬರು ಶಿಷ್ಯರನ್ನು ಎದುರುಬದುರು ನಿಲ್ಲಿಸುವುದು ಸಭ್ಯತೆಯೂ ಅಲ್ಲ. ಇಂಡಿಯ ಹುಡುಗನಿಗೆ ಭೀಮೆಯ ಆಚೆಯ ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯವನು ಸಿಕ್ಕರೆ, ಮುದ್ದೇಬಿಹಾಳದವನಿಗೆ ಕೃಷ್ಣೆಯ ಆಚೆಯ ಹುನಗುಂದ, ಲಿಂಗಸುಗೂರಿನವನು ಸಿಕ್ಕರೆ, ಇಬ್ಬರ ಕೈಗೂ ಹೊಸ ಕೈ. ಮೊದಲ ಕೆಲವು ನಿಮಿಷ ಅವರು ಒಬ್ಬರನ್ನೊಬ್ಬರು ಓದುತ್ತಾರೆ. ಆ ಓದನ್ನು ನಾವೂ ಕಣದ ಸುತ್ತ ಕೂತು ಓದುತ್ತೇವೆ.

ಜೋಡಿ ಹಚ್ಚುವುದನ್ನು ಹತ್ತಿರದಿಂದ ನೋಡಬೇಕು. ಹಲಗಿ ಬಡಿಯುತ್ತಿರುತ್ತದೆ. ಒಬ್ಬ ಹುಡುಗ ಅಂಗಿ ಕಳಚಿ, ಕೈ ಎತ್ತಿ ಕಣದ ಸುತ್ತ ಒಂದು ಸುತ್ತು ಹಾಕುತ್ತಾನೆ. ಜನರ ನಡುವಿನಿಂದ ಇನ್ನೊಬ್ಬ ಎದ್ದು ಬರುತ್ತಾನೆ. ಪಂಚರಲ್ಲಿ ಒಬ್ಬ ಹಿರಿಯರು ಇಬ್ಬರನ್ನೂ ಹೆಗಲಿಗೆ ಹೆಗಲು ಹಚ್ಚಿ ನಿಲ್ಲಿಸುತ್ತಾರೆ. ಎತ್ತರ ನೋಡುವುದು ಸುಲಭ. ಅವರು ಎತ್ತರಕ್ಕೆ ನಿಲ್ಲುವುದಿಲ್ಲ. ಮಣಿಕಟ್ಟು ಹಿಡಿದು ನೋಡುತ್ತಾರೆ, ಕತ್ತಿನ ದಪ್ಪ ನೋಡುತ್ತಾರೆ, ಮುರಿದು ಮುದ್ದೆಯಾದ ಕಿವಿ ನೋಡುತ್ತಾರೆ. ಆ ಕಿವಿ ಹೇಳುವಷ್ಟು ಸಾಧನೆಯ ಲೆಕ್ಕವನ್ನು ಬಾಯಿ ಹೇಳುವುದಿಲ್ಲ.

“ಯಾವ ಊರೋ ತಮ್ಮಾ? ಯಾರ ತಾಲೀಮು?”

ಹುಡುಗ ಊರು ಹೇಳುತ್ತಾನೆ, ವಸ್ತಾದರ ಹೆಸರು ಹೇಳುತ್ತಾನೆ.

“ಇವನ ಜೋಡಿ ಹಿಡೀತಿಯೇನು?”

“ಹಿಡೀತೇನ್ರೀ ಕಾಕಾ.”

ಅವನು ಹೂಂ ಎಂದರೂ ಹಿರಿಯರು ಕೆಲವೊಮ್ಮೆ ಬೇಡ ಎನ್ನುತ್ತಾರೆ. ಒಬ್ಬನ ಮೈಯಲ್ಲಿ ಗರಡಿಯ ಕಸುವು, ಇನ್ನೊಬ್ಬನ ಮೈಯಲ್ಲಿ ಬರಿ ಹುಮ್ಮಸ್ಸು ಇದ್ದರೆ ಜೋಡಿ ಬಿಡಿಸಿ ಇಬ್ಬರಿಗೂ ಬೇರೆ ಎದುರಾಳಿ ಹುಡುಕುತ್ತಾರೆ. ಸಣ್ಣ ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಬೆಳ್ಳಿ ಕಡಗದ ಕೊನೆಯ ಕುಸ್ತಿಯವರೆಗೆ ಈ ಕಣ್ಣೇ ಕಣವನ್ನು ಕಾಯುವುದು. ದೊಡ್ಡ ಕುಸ್ತಿಗಳನ್ನು ಮೊದಲೇ ಮಾತಾಡಿ, ಇನಾಮು ಗೊತ್ತುಮಾಡಿ, ಕರಪತ್ರದಲ್ಲಿ ಅಚ್ಚು ಹಾಕಿಸುವುದುಂಟು. ಅಲ್ಲಿಯೂ ಕೇಳಬೇಕಾದ ಪ್ರಶ್ನೆ ಒಂದೇ: ಜೋಡಿ ಸರಿಯೆ? ಮೈಸೂರಿನವರಿಗೂ ಇದರ ಬೆಲೆ ಗೊತ್ತು. ದಸರೆಯ ನಾಡಕುಸ್ತಿಗೆ ಮುಂಚೆ ದೊಡ್ಡಕೆರೆ ಮೈದಾನದ ಸಾಹುಕಾರ್ ಚೆನ್ನಯ್ಯ ಕುಸ್ತಿ ಅಖಾಡದಲ್ಲಿ ಜೋಡಿ ಕಟ್ಟುವುದೇ ಒಂದು ಕಾರ್ಯಕ್ರಮವಾಗಿ ನಡೆಯುತ್ತದೆ.

ಮ್ಯಾಟ್ ಕುಸ್ತಿಯಲ್ಲಿ ಈ ಕೆಲಸವನ್ನು ತಕ್ಕಡಿ ಮಾಡುತ್ತದೆ. ಒಲಿಂಪಿಕ್ಸಿನ ಪುರುಷರ ಫ್ರೀಸ್ಟೈಲಿನಲ್ಲಿ 57 ಕಿಲೋದಿಂದ 125 ಕಿಲೋವರೆಗೆ ಆರು ವಿಭಾಗ. ಅದು ನ್ಯಾಯವೇ, ಅಲ್ಲಗಳೆಯುವುದಿಲ್ಲ. ಆದರೆ ತಕ್ಕಡಿಗೆ ತೂಕ ಗೊತ್ತಾಗುತ್ತದೆ, ಹದ ಗೊತ್ತಾಗುವುದಿಲ್ಲ.

ಎದುರಾಳಿಯನ್ನು ಆರಿಸುವ ಕಷ್ಟ ದೂರದ ಅಮೆರಿಕದಲ್ಲೂ ಇದೆ. ಅಲ್ಲಿನ ದೊಡ್ಡ ಕಾಲೇಜುಗಳ ಫುಟ್‌ಬಾಲ್ ತಂಡಗಳು ತಮ್ಮ ಕೂಟದೊಳಗಿನ ಪಂದ್ಯಗಳಲ್ಲದೆ ವರ್ಷಕ್ಕೆ ಮೂರ್ನಾಲ್ಕು ಪಂದ್ಯಗಳನ್ನು ಹೊರಗಿನವರ ಜೊತೆ ತಾವೇ ಗೊತ್ತುಮಾಡಿಕೊಳ್ಳುತ್ತವೆ. ಎಷ್ಟೋ ಕರಾರುಗಳು ವರ್ಷಗಟ್ಟಲೆ ಮೊದಲೇ ಆಗಿರುತ್ತವೆ. ದೊಡ್ಡ ತಂಡವು ಸಣ್ಣ ಕಾಲೇಜಿಗೆ ಹಣ ಕೊಟ್ಟು ತನ್ನ ಮೈದಾನಕ್ಕೆ ಕರೆಸಿ, ಸುಲಭದ ಗೆಲುವು ಎಣಿಸುವುದು ಅಲ್ಲಿ ರೂಢಿ. 2007ರ ಸೆಪ್ಟೆಂಬರ್ 1ರಂದು ಮಿಷಿಗನ್ ತಂಡ ಹೀಗೆ ಕರೆಸಿದ ಅಪಲಾಚಿಯನ್ ಸ್ಟೇಟ್, ಲಕ್ಷಕ್ಕೂ ಮಿಕ್ಕ ಜನರ ಎದುರಿಗೆ 34–32ರಿಂದ ಗೆದ್ದಿತು. ಅಮೆರಿಕ ಇಂದಿಗೂ ಆ ಪಂದ್ಯವನ್ನು ನೆನೆಯುತ್ತದೆ, ಏಕೆಂದರೆ ಅಂಥದ್ದು ಅಪರೂಪ. ಸೋಲಲೆಂದೇ ಕರೆಸಿದ ಎದುರಾಳಿಯಿಂದ ರಸ ಹುಟ್ಟುವುದು ಆಕಸ್ಮಿಕ. ಸರಿಸಾಟಿ ಹುಡುಕಿ ತಂದ ಎದುರಾಳಿಯಿಂದ ಅದು ಹುಟ್ಟಿಯೇ ತೀರುತ್ತದೆ.

ನಿಕಾಲಿ ಕುಸ್ತಿಯೆಂದರೆ ಸೋಲು ಗೆಲುವು ಕಾಣಲೇಬೇಕು. ಆದರೂ ಒಳ್ಳೆಯ ಜೋಡಿ ಬಿದ್ದ ದಿನ ಪಟ್ಟಿಗೆ ಪಟ್ಟು ಕೂಡಿ, ಹೊತ್ತು ಇಳಿದು, ಪಂಚರು ಎರಡೂ ಕೈ ಎತ್ತಿ ಬರಾಬರಿ ಎಂದು ಸಾರುವುದುಂಟು. ಆಗ ಜನ ಬೇಸರಪಡುವುದಿಲ್ಲ. ಇಬ್ಬರಿಗೂ ನೋಟು ಕೊಟ್ಟು ಬೆನ್ನು ಚಪ್ಪರಿಸುತ್ತಾರೆ. ನನ್ನ ಮಟ್ಟಿಗೆ ಜೋಡಿ ಹಚ್ಚಿದವರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಜಾತ್ರಾ ಕಮಿಟಿಯವರಲ್ಲಿ ನನ್ನದೊಂದು ಬೇಡಿಕೆ. ಕರಪತ್ರದಲ್ಲಿ ಪೈಲವಾನರ ಹೆಸರು ಹಾಕಿಸುತ್ತೀರಿ, ಇನಾಮು ಕೊಟ್ಟವರ ಹೆಸರೂ ಹಾಕಿಸುತ್ತೀರಿ. ಜೋಡಿ ಹಚ್ಚುವ ಹಿರಿಯರ ಹೆಸರನ್ನೂ ಅವುಗಳ ಸಾಲಿನಲ್ಲಿ ಹಾಕಿಸಿ. ಆ ದಿನದ ಮೊದಲ ಕಲಾವಿದರು ಅವರೇ.