ಆಡುಮಾತು ಗೆದ್ದ ವರ್ಷ: 2018ರ ಜನಪ್ರಿಯ ಚಿತ್ರಗೀತೆಗಳು

2018ರಲ್ಲಿ ಕನ್ನಡ ನಾಡಿನಲ್ಲಿ ಹೆಚ್ಚು ಮೊಳಗಿದ ಚಿತ್ರಗೀತೆಗಳಲ್ಲಿ ಎರಡು ಎದ್ದು ಕಾಣುತ್ತವೆ: ‘ರ‍್ಯಾಂಬೋ 2’ ಚಿತ್ರದ ‘ಚುಟು ಚುಟು’ ಮತ್ತು ‘ಅಯೋಗ್ಯ’ ಚಿತ್ರದ ‘ಏನಮ್ಮಿ ಏನಮ್ಮಿ’. ಎರಡಕ್ಕೂ ಸಂಗೀತ ಕೊಟ್ಟವರು ಅರ್ಜುನ್ ಜನ್ಯ. ಒಂದು ಉತ್ತರ ಕರ್ನಾಟಕದ ಮಾತಿನಲ್ಲಿದೆ, ಇನ್ನೊಂದಕ್ಕೆ ಮಂಡ್ಯದ ಮಾತಿನ ಸೊಗಡಿದೆ. ಯೂಟ್ಯೂಬಿನಲ್ಲಿ ಎರಡೂ ಕ್ರಮೇಣ ಹತ್ತು ಕೋಟಿ ವೀಕ್ಷಣೆ ದಾಟಿದವು. ಬಹುಪಾಲು ಶಿಷ್ಟ ಕನ್ನಡದಲ್ಲೇ ಪ್ರೇಮ ನಿವೇದಿಸುತ್ತ ಬಂದ ಚಿತ್ರಗೀತೆಯಲ್ಲಿ ಒಂದೇ ವರ್ಷ ಎರಡು ಪ್ರಾದೇಶಿಕ ನುಡಿಗಳು ಹೀಗೆ ಮುಂಚೂಣಿಗೆ ಬಂದದ್ದು ಸಣ್ಣ ಸಂಗತಿಯಲ್ಲ.

ಯಾವುದು ಮುಂಚೂಣಿ ಎಂದು ಅಳೆಯುವುದು ಸುಲಭವೂ ಅಲ್ಲ. ಸ್ಪೇನ್‌ನಲ್ಲಿ ಧ್ವನಿಮುದ್ರಣ ಉದ್ಯಮದ ಸಂಘವೇ ವಾರವಾರ ಹಾಡುಗಳ ಅಧಿಕೃತ ಪಟ್ಟಿ ಹೊರಡಿಸುತ್ತದೆ. ಕನ್ನಡಕ್ಕೆ ಅಂಥ ಪಟ್ಟಿ ಇಲ್ಲ. ಭಾರತದ ಸಂಗೀತ ಉದ್ಯಮದ ಸಂಘ 2021ರಲ್ಲಿ ಇಪ್ಪತ್ತು ಹಾಡುಗಳ ಪಟ್ಟಿಯೊಂದನ್ನು ಆರಂಭಿಸಿತಾದರೂ ಅದು ವಿದೇಶಿ ಹಾಡುಗಳಿಗೆ ಮೀಸಲಾಗಿತ್ತು. ಹಾಗಾಗಿ ಯೂಟ್ಯೂಬಿನ ಎಣಿಕೆಯೇ ಇಲ್ಲಿ ಅಳತೆಗೋಲಾಗಿದೆ. ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯ ಮಂಗಳೂರಿನಂಥ ಹಳ್ಳಿಗಳಲ್ಲಿ ಟ್ರ್ಯಾಕ್ಟರಿನ ಟೇಪಿನಲ್ಲಿ, ಮದುವೆಯ ಮೆರವಣಿಗೆಯಲ್ಲಿ, ಜಾತ್ರೆಯ ಧ್ವನಿವರ್ಧಕದಲ್ಲಿ ಪೆನ್‌ಡ್ರೈವ್ ಮೂಲಕ ಬರುವ ಹಾಡು ಆ ಲೆಕ್ಕಕ್ಕೆ ಸೇರುವುದೇ ಇಲ್ಲ. ‘ಚುಟು ಚುಟು’ವಿನ ನಿಜವಾದ ಹರವು ಅಂಕಿಗಿಂತ ದೊಡ್ಡದು ಎನ್ನಲು ಇಷ್ಟು ಸಾಕು.

ಈ ಹಾಡನ್ನು ಬರೆದವರು ಶಿವು ಬೆರಗಿ. ಹಾಡಿದವರು ರವೀಂದ್ರ ಸೊರಗಾವಿ ಮತ್ತು ಶಮಿತಾ ಮಲ್ನಾಡ್. ಇದನ್ನು ಬರೀ ಕುಣಿತದ ಹಾಡೆಂದು ತಳ್ಳಿಹಾಕುವುದು ಅವಸರದ ತೀರ್ಮಾನ. ಗಂಡು ಒಂದು ಮಾತು ಎಸೆದರೆ ಹೆಣ್ಣು ಅದಕ್ಕೆ ಮಾರುತ್ತರ ಕೊಡುವ ಕಟ್ಟು ಇದರದು. ಸಣ್ಣಾಟ, ಲಾವಣಿಗಳ ಸವಾಲ್-ಜವಾಬು ಕೇಳಿ ಬೆಳೆದ ಕಿವಿಗೆ ಆ ಕಟ್ಟು ಹೊಸದಲ್ಲ. ಇನ್ನೂ ಮುಖ್ಯವಾದದ್ದು ಕ್ರಿಯಾಪದಗಳ ಕೆಲಸ. ‘ಐತಿ’ ಎಂದು ಮುಗಿಯುವ ರೂಪಗಳು ಸಾಲಿನ ಕೊನೆಗೆ ತಾವಾಗಿಯೇ ಪ್ರಾಸ ಒದಗಿಸುತ್ತವೆ. ‘ನನಗ’, ‘ನಿನಗ’ ಎಂಬ ರೂಪಗಳ ಕೊನೆಯ ಅಕಾರವನ್ನು ಗಾಯಕ ಬೇಕಾದಷ್ಟು ಎಳೆಯಬಹುದು. ಲಯ ಮಾತಿನೊಳಗಿನಿಂದಲೇ ಎದ್ದಿದೆ. ಮಟ್ಟಿಗೆ ಪದ ತುಂಬಿದ ಆಯಾಸ ಇಲ್ಲಿಲ್ಲ. ಸೊರಗಾವಿಯವರ ದನಿಯಲ್ಲಿ ಈ ನುಡಿ ಎರವಲು ತಂದದ್ದೆಂದು ಒಮ್ಮೆಯೂ ಅನ್ನಿಸುವುದಿಲ್ಲ.

ಉತ್ತರದ ಮಾತು ಚಿತ್ರಗೀತೆಗೆ ಬಂದದ್ದು ಇದೇ ಮೊದಲಲ್ಲ. 1997ರ ‘ನಾಗಮಂಡಲ’ಕ್ಕೆ ಗೋಪಾಲ ಯಾಜ್ಞಿಕ್ ಬರೆದು ಸಿ. ಅಶ್ವಥ್ ಸ್ವರ ಹಾಕಿದ ಹಾಡುಗಳಲ್ಲಿ ಅದೇ ನುಡಿ ಒಂಟಿ ಹೆಣ್ಣಿನ ಅಳಲನ್ನು ಗಂಭೀರವಾಗಿ ಹೊತ್ತಿತ್ತು. ಆ ಹಾಡುಗಳು ಕಥೆಯಿಂದ ಹುಟ್ಟಿದವು. ‘ರ‍್ಯಾಂಬೋ 2’ ಉತ್ತರ ಕರ್ನಾಟಕದ ಕಥೆಯಲ್ಲ. ಹಾಡನ್ನು ಚಿತ್ರದಿಂದ ಕಿತ್ತರೂ ಕಥೆಗೆ ನಷ್ಟವಿಲ್ಲ. ಬಣ್ಣಕ್ಕಾಗಿ ಬಂದ ನುಡಿಗೆ ಪಾತ್ರದ ಆಸರೆ ಸಿಗಲಿಲ್ಲ ಎಂಬುದು ಈ ಹಾಡಿನ ದೊಡ್ಡ ಕೊರತೆ. ಉತ್ತರವೆಲ್ಲ ಒಂದೇ ನುಡಿ ಎಂಬ ಭಾವನೆಯನ್ನೂ ಇಂಥ ಗೆಲುವು ಗಟ್ಟಿಮಾಡುತ್ತದೆ. ಕೊಪ್ಪಳದ ಕಡೆ ‘ಹಾಡಾಕತ್ತಾರ’ ಅಂದರೆ ಕಲಬುರಗಿಯ ಕಡೆ ‘ಹಾಡ್ಲತ್ತಾರ’. ಸಿನಿಮಾಕ್ಕೆ ಇಂಥ ವ್ಯತ್ಯಾಸ ಇನ್ನೂ ಕೇಳಿಸಿಲ್ಲ.

‘ಏನಮ್ಮಿ’ಯ ಸ್ಥಿತಿ ಇದಕ್ಕೆ ತಿರುಗುಮುರುಗು. ಮಂಡ್ಯ ಸೀಮೆಯ ಹಳ್ಳಿಯಲ್ಲೇ ನಡೆಯುವ ಕಥೆಯೊಳಗೆ ಹಾಡಿಗೆ ಸಹಜ ಜಾಗವಿದೆ. ಆದರೆ ಚೇತನ್ ಕುಮಾರ್ ಬರೆದ ಸಾಹಿತ್ಯದಲ್ಲಿ ಆಡುಮಾತು ಸಂಬೋಧನೆಯ ಆಚೆಗೆ ಹೆಚ್ಚು ಬೇರು ಬಿಡುವುದಿಲ್ಲ. ವಿಜಯ್ ಪ್ರಕಾಶ್ ಅದನ್ನು ಸಲೀಸಾಗಿ ನಿಭಾಯಿಸುತ್ತಾರೆ. ಇಂದೋರಿನ ಪಲಕ್ ಮುಚ್ಚಲ್ ಅವರ ದನಿ ಇಂಪಾಗಿದೆ, ಊರಿನ ವಾಸನೆ ಮಾತ್ರ ಅದರಲ್ಲಿಲ್ಲ. ಮಾಧುರ್ಯದಲ್ಲಿ ಇದು ‘ಚುಟು ಚುಟು’ವಿಗಿಂತ ಮೇಲು, ನುಡಿಯ ಕಸುವಿನಲ್ಲಿ ಕೆಳಗೆ.

ಅದೇ ವರ್ಷ ಫೆಬ್ರವರಿಯಲ್ಲಿ ಬಂದ ‘ಟಗರು’ ಚಿತ್ರದ ಶೀರ್ಷಿಕೆ ಗೀತೆಗೆ ಚರಣ್ ರಾಜ್ ತಮಿಳು ಜಾನಪದ ಗಾಯಕ ಆಂಥೋನಿ ದಾಸನ್ ಅವರನ್ನು ಕರೆಸಿದರು. ಹಾಡಿನ ಅಬ್ಬರಕ್ಕೆ ಆ ದನಿ ಹೊಂದಿತು. ಉತ್ತರ ಕರ್ನಾಟಕದಲ್ಲೇ ಬಯಲಿನಲ್ಲಿ ಹಾಡಿ ಪಳಗಿದ ಕಂಠಗಳು ಇರುವಾಗ ಅವುಗಳಿಗೂ ಇಂಥ ಕರೆ ಬರಬೇಕಿತ್ತು.

ಕೊಪ್ಪಳದ ಮಟ್ಟಿಗೆ ಆ ವರ್ಷದ ಅತ್ಯಂತ ಮಹತ್ವದ ಹಾಡು ಬಂದದ್ದು ಡಿಸೆಂಬರಿನಲ್ಲಿ. ‘ಕೆಜಿಎಫ್’ ಮೊದಲ ಭಾಗಕ್ಕಾಗಿ ರವಿ ಬಸ್ರೂರು ಸಂಯೋಜಿಸಿ ಅನನ್ಯಾ ಭಟ್ ಹಾಡಿದ ತಾಯಿಯ ಗೀತೆ ‘ಗರ್ಭದಿ’ಯನ್ನು ಬರೆದವರು ಕಿನ್ನಾಳ್ ರಾಜ್. ಬಣ್ಣದ ಮರದ ಗೊಂಬೆಗಳಿಗೆ ಹೆಸರಾದ ಕೊಪ್ಪಳದ ಕಿನ್ನಾಳ ಅವರ ಹೆಸರಿನಲ್ಲೇ ಇದೆ. ಹಾಡಿನ ಭಾಷೆ ಮಾತ್ರ ಕಾವ್ಯಗಳ ಹಳೆಯ ಕನ್ನಡದ ಕಡೆ ವಾಲಿದೆ. ಅದು ತಪ್ಪೇನಲ್ಲ, ಕಡಿಮೆ ಪದ, ನಿಧಾನ ನಡೆ, ಮೇಲೇರುವ ಏಕಕಂಠ, ಎಲ್ಲವೂ ಸೇರಿ ಆ ವರ್ಷದ ಅತ್ಯುತ್ತಮ ಸಾಹಿತ್ಯ ಇದೇ ಎನ್ನಿಸುತ್ತದೆ. ಆದರೂ ಇದರಿಂದ ಒಂದು ವಿಭಜನೆ ಸ್ಪಷ್ಟವಾಗುತ್ತದೆ. ಸರಸಕ್ಕೆ ಆಡುಮಾತು, ಸಂಕಟಕ್ಕೆ ಶಿಷ್ಟಭಾಷೆ ಎಂಬ ಹಳೆಯ ಹಂಚಿಕೆಯನ್ನು 2018ರ ಗೆಲುವುಗಳು ಮುರಿಯಲಿಲ್ಲ.

ಮುಂದಿನ ವರ್ಷಗಳಲ್ಲಿ ಸಿನಿಮಾದ ಹಂಗೇ ಬೇಡವೆಂದು ಉತ್ತರ ಕರ್ನಾಟಕದ ಗಾಯಕರು ತಾವೇ ಬರೆದು, ಹಾಡಿ, ಯೂಟ್ಯೂಬಿಗೆ ಹಾಕತೊಡಗಿದರು. ಮಾಳು ನಿಪನಾಳ ಅವರ ‘ನಾ ಡ್ರೈವರಾ’ ಚಿತ್ರಗೀತೆಗಳಿಗೇ ಸಡ್ಡು ಹೊಡೆಯುವಷ್ಟು ಹರಡಿತು. ದನಿ, ನುಡಿ, ಹಾಡಿನ ಒಡೆತನ ಮೂರೂ ಊರಿಗೆ ಮರಳಿದ್ದು ನಿಜವಾದ ಗಳಿಕೆ. ವಸ್ತು ಮಾತ್ರ ಬಹುತೇಕ ಪ್ರೇಮದ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಇದೇ ನುಡಿಯಲ್ಲಿ ಬೀಸುವ ಪದಗಳು ತವರಿನ ನೆನಪನ್ನು, ಸಾವಿನ ದುಃಖವನ್ನು ಹಾಡಿಕೊಂಡು ಬಂದಿವೆ. ಮಳೆ ಕೈಕೊಟ್ಟ ವರ್ಷ ಕೊಪ್ಪಳದ ಹಳ್ಳಿಗಳಿಂದ ಗುಳೆ ಹೋಗುವವರ ಹಾಡೊಂದು ಆ ನುಡಿಯಲ್ಲಿ, ಅಷ್ಟೇ ಗಟ್ಟಿಯಾದ ಲಯದಲ್ಲಿ, ಇನ್ನೂ ಈ ಜನಪ್ರಿಯತೆಯ ಸಾಲಿಗೆ ಬರಬೇಕಿದೆ.