ಯಾವ ಪ್ರಾಸ?

‘ಪ್ರಾಸಾನೇ ಇಲ್ಲ, ಇದೆಂಥಾ ಕವನ?’ ಅನ್ನೋರನ್ನ ನಾನು ಕೇಳೋದಿಷ್ಟೇ: ಯಾವ ಪ್ರಾಸ? ನಮಗೆ ಗೊತ್ತಿರೋದು ಸಾಲಿನ ಕೊನೆಯ ಅಂತ್ಯಪ್ರಾಸ. ಹಳೆಯ ಕನ್ನಡ ಕಾವ್ಯದ ಕಟ್ಟುನಿಟ್ಟು ಬೇರೆ. ಪದ್ಯದ ಪ್ರತಿ ಸಾಲಿನಲ್ಲೂ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಒಂದು ಸಾಲು ‘ಮರ’ ಅಂತ ಶುರುವಾದರೆ ಮುಂದಿನದು ‘ಕಿರಿ’, ‘ತೆರೆ’ ಅಂತಲೇ ಹೊರಡಬೇಕು. ಇದು ಆದಿಪ್ರಾಸ.

1911ರಲ್ಲಿ ಮಂಜೇಶ್ವರದ ಗೋವಿಂದ ಪೈ ಇದನ್ನ ಕೈಬಿಟ್ಟರು, ಲಯವನ್ನಲ್ಲ. ಅಕ್ಷರ ಹೊಂದಿಸೋಕೆ ಅಲ್ಲದ ಪದ ತುರುಕುವ ಕಷ್ಟ ತಪ್ಪಿತು. ಪ್ರಾಸವಿಲ್ಲದ್ದೆಲ್ಲ ಸೋಮಾರಿತನ ಅನ್ನೋ ನಮ್ಮ ತೀರ್ಪು ಇಲ್ಲಿ ನಿಲ್ಲೋದಿಲ್ಲ. ಛಂದಸ್ಸಿನ ನಾಲ್ಕು ಪದ ಗೊತ್ತಿದ್ದರೆ, ಕವಿ ಬೇಕಂತಲೇ ಬಿಟ್ಟದ್ದು ಯಾವುದು, ಕೈಲಾಗದೆ ಬಿಟ್ಟದ್ದು ಯಾವುದು ಅಂತ ಓದುವಾಗಲೇ ತಿಳಿಯುತ್ತೆ.